ಲಿಸ್ಟ್ ಬಿಟ್ಟು ‘ರನ್’ ಹಿಡಿದದ್ದು: ನನ್ನ ಅನುಭವ

ಬ್ಯಾಂಕ್ ಪರೀಕ್ಷೆಗೆ ಓದುವ ಹುಡುಗರಿಗೆ ಇಂಗ್ಲಿಷ್ ಸಿನಾನಿಮ್ಸ್ (ಸಮಾನಾರ್ಥಕ ಪದ) ಲಿಸ್ಟ್ ಉರು ಹೊಡೆಸುವುದನ್ನು ಬಿಟ್ಟು, ‘ರನ್’ನಂಥ ಒಂದೇ ಪದದ ಹಲವು ಅರ್ಥಗಳನ್ನು ವಾಕ್ಯದಿಂದಲೇ ಹಿಡಿಯಲು ಕಲಿಸತೊಡಗಿ ಎರಡು ವರ್ಷದ ಮೇಲಾಯಿತು. ಬಿಟ್ಟಾಗ ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ನಡೆಸುವ ನನ್ನ ಓರಗೆಯವರೆಲ್ಲ ನಕ್ಕರು. “ಒಂದು ‘ರನ್’ ಹಿಡಕೊಂಡು ವಾರಗಟ್ಟಲೆ ಕುಂತ್ರ ಹುಡುಗರು ಫೀ ವಾಪಸ್ ಕೇಳ್ತಾರ್ರಿ” ಅಂತ ಒಬ್ಬರು ಮುಖಕ್ಕೇ ಹೇಳಿದರು. ಈಗ ಅವರ ಹುಡುಗರೇ ನನ್ನ ಭಾನುವಾರದ ಬ್ಯಾಚಿಗೆ ಬರುತ್ತಾರೆ. ಬರೆಯಲು ಇಷ್ಟು ಕಾರಣ ಸಾಕು.

ಲಿಸ್ಟಿನ ಹಣೆಬರಹ ನಿಮಗೂ ಗೊತ್ತು. ‘ರನ್’ ಎದುರಿಗೆ ಸ್ಪ್ರಿಂಟ್, ಮ್ಯಾನೇಜ್, ಫ್ಲೋ, ಕಂಟೆಸ್ಟ್ ಅಂತ ಸಾಲಾಗಿ ಬರೆಸುತ್ತೇವೆ. ಹುಡುಗರು ಗಡಗಡ ಒಪ್ಪಿಸುತ್ತಾರೆ. ಅದೇ ಪದ ವಾಕ್ಯದಲ್ಲಿ ಬಂತೋ, ಸಾಲಿನ ಮೊದಲನೆಯದಕ್ಕೆ ಟಿಕ್. ಬ್ಯಾಂಕ್ ಪರೀಕ್ಷೆಯ ಮೊದಲ ಹಂತವಾದ ಪ್ರಿಲಿಮ್ಸ್‌ನ ಇಂಗ್ಲಿಷ್ ಭಾಗದಲ್ಲಿ ಸಾಮಾನ್ಯವಾಗಿ 30 ಪ್ರಶ್ನೆಗೆ 20 ನಿಮಿಷ, ತಪ್ಪಾದರೆ ಕಾಲು ಅಂಕ ಕಟ್; ಅಲ್ಲಿ ಕೂತು ಲಿಸ್ಟ್ ನೆನೆಯಲು ಯಾರಿಗೆ ಪುರುಸೊತ್ತು?

ಆಮೇಲೆ ವಾಟ್ಸಾಪ್‌ನಲ್ಲಿ ದಿನಕ್ಕೊಂದು ಪದ ಹಾಕಿದೆ. ಎಲ್ಲರೂ ಹೆಬ್ಬೆರಳು ತೋರಿಸುತ್ತಿದ್ದರು, ಓದುವವರು ಇಬ್ಬರೋ ಮೂವರೋ. ಬಣ್ಣದ ಕಾರ್ಡು ಪ್ರಿಂಟ್ ಮಾಡಿಸಿ ಲ್ಯಾಮಿನೇಷನ್ ಹೊಡೆಸಿದೆ, ಐದು ಸಾವಿರದ ಹತ್ತಿರ ಹೋಯಿತು. ಹಿಂಬದಿಯಲ್ಲಿ ಕನ್ನಡ ಅರ್ಥ ಇದ್ದದ್ದರಿಂದ ಮುಂಬದಿ ಯಾರೂ ನೋಡಲೇ ಇಲ್ಲ. ಅಷ್ಟರಲ್ಲಿ ಬ್ಯಾಚು ಅರ್ಧಕ್ಕೆ ಇಳಿದಿತ್ತು. ರೂಮಿನ ಬಾಡಿಗೆ ಆರು ಸಾವಿರವನ್ನು ಒಂದೆರಡು ತಿಂಗಳು ಕೈಯಿಂದಲೇ ಕಟ್ಟಿದೆ. ಮನೆಯಲ್ಲಿ ಆದ ಮಾತುಕತೆ ಇಲ್ಲಿ ಬೇಡ.

ದಾರಿ ಸಿಕ್ಕಿದ್ದು ನಮ್ಮ ‘ಹೊಡಿ’ಯಿಂದ. ಬೇಸತ್ತು ಒಂದು ದಿನ ಇಂಗ್ಲಿಷ್ ಬದಿಗಿಟ್ಟು, “ಹೊಡಿ ಅನ್ನೂದು ಎಲ್ಲೆಲ್ಲಿ ಬರ್ತದ ಹೇಳ್ರಿ” ಅಂದೆ. ಗೊರಕೆ, ಸಿಳ್ಳೆ, ಹರಟೆ, ಈಜು, ಕಣ್ಣು, ಗೋಡೆಗೆ ಬಣ್ಣ, ಬೆಳೆಗೆ ಎಣ್ಣಿ, ಬೋರು, ಲಾಟರಿ. ಮೂವತ್ತು ದಾಟಿ ಬೋರ್ಡು ಸಾಲದಾಯಿತು. ಒಂದನ್ನೂ ಯಾರೂ ಉರು ಹೊಡೆದವರಲ್ಲ. ಹೇಗೆ ಗೊತ್ತಾಯಿತು ಅಂದರೆ ಹಿಂದಿನ ಬೆಂಚಿನ ಹುಡುಗಿ ಹೇಳಿದ್ದು: “ಗೊರಕಿ ಅಂದ ಮ್ಯಾಲ ಹೊಡಿಯೂದಕ್ಕ ಬ್ಯಾರೆ ಅರ್ಥ ಎಲ್ಲಿ ಉಳೀತ್ರಿ ಸರ್?” ನನ್ನ ಪದ್ಧತಿಯೆಲ್ಲ ಆ ಮಾತಿನ ಮೇಲೆ ನಿಂತಿದೆ.

ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಬದಿಗೆ ಸ್ಕೆಚ್ ಪೆನ್ನಿನಲ್ಲಿ ಒಂದೊಂದು ‘ರನ್’ ವಾಕ್ಯ ಬರೆದೆ. ಖರ್ಚು ಸ್ಕೆಚ್ ಪೆನ್ನಿನದಷ್ಟೇ. ಕನ್ನಡ ಅರ್ಥ ಎಲ್ಲೂ ಇಲ್ಲ. ಮೂಗು, ನಲ್ಲಿ, ಬಸ್ಸು, ಕಿರಾಣಿ ಅಂಗಡಿ, ಸಿನಿಮಾ, ಜ್ವರ, ಮೊದಲ ಸಲ ಒಗೆದ ಸೀರೆಯ ಬಣ್ಣ, ಹೊಳೆಯ ಪಕ್ಕದ ರಸ್ತೆ, ಎಲ್ಲಕ್ಕೂ ‘ರನ್’. ಗುಂಪು ಮಾಡುವಾಗ ಕೇಳಿಕೊಳ್ಳುವುದು ಎರಡೇ: ಓಡುತ್ತಿರುವುದು ಯಾವುದು, ‘ರನ್’ ಆದಮೇಲೆ ಏನು ಬಂದಿದೆ? ನಂತರ ಲಿಸ್ಟಿನ ಪದಗಳನ್ನು ಒಂದೊಂದಾಗಿ ತುರುಕಿ ನೋಡಬೇಕು. ಅಂಗಡಿಗೆ ‘ಮ್ಯಾನೇಜ್’ ಸಲೀಸಾಗಿ ಕೂಡುತ್ತದೆ. ಅದನ್ನೇ ಮೂಗಿನ ಕಾರ್ಡಿಗೆ ಹಾಕಿದವನಿಗೆ “ಮೂಗು ಮ್ಯಾನೇಜ್ ಮಾಡ್ತೀಯೇನಪಾ?” ಅಂತ ಕ್ಲಾಸೇ ಕೇಳುತ್ತದೆ, ನಾನು ತಿದ್ದುವ ಕೆಲಸ ಉಳಿಯುವುದಿಲ್ಲ. ಯಾವ ಕಾರ್ಡಿನ ಬೆನ್ನಿಗೆ ಯಾವುದು ಕೊಡಬೇಕು ಅನ್ನುವ ಕ್ರಮ ಮಾತ್ರ ಹೇಳುವುದಿಲ್ಲ. ಬಾಡಿಗೆ ಹುಟ್ಟುವುದು ಅಲ್ಲಿಂದಲೇ.

ಚುನಾವಣೆಯ ಕಾರ್ಡು ನನಗೆ ಬಲು ಇಷ್ಟ. ನಾವು ಚುನಾವಣೆಗೆ ನಿಲ್ಲುತ್ತೇವೆ, ಬ್ರಿಟಿಷರೂ ‘ಸ್ಟ್ಯಾಂಡ್’ ಅನ್ನುತ್ತಾರೆ, ಅಮೆರಿಕದವರು ‘ರನ್’ ಅನ್ನುತ್ತಾರೆ. ನಿಂತವನೂ ಓಡಿದವನೂ ಒಬ್ಬನೇ ಅಂದಾಗ ನಗುತ್ತಾರೆ, ‘ಕಂಟೆಸ್ಟ್’ ಮತ್ತೆ ಮರೆಯುವುದಿಲ್ಲ. ‘ರನ್ ಔಟ್’ ಕ್ರಿಕೆಟ್ಟಿನಿಂದ ಎಲ್ಲರಿಗೂ ಬಾಯಿಪಾಠ, ಆದರೆ ಅದರ ಮುಂದೆ ‘ಆಫ್ ಪೆಟ್ರೋಲ್’ ಸೇರಿ ಪೆಟ್ರೋಲ್ ಖಾಲಿ ಅಂತಾದರೆ ತಬ್ಬಿಬ್ಬು. ‘ಎ ರನ್ ಆನ್ ದಿ ಬ್ಯಾಂಕ್’ ಅಂದರೆ ಠೇವಣಿದಾರರೆಲ್ಲ ಹೆದರಿ ಒಮ್ಮೆಲೇ ದುಡ್ಡು ತೆಗೆಯಲು ಮುಗಿಬೀಳುವುದು. ಬ್ಯಾಂಕ್ ಪರೀಕ್ಷೆಗೆ ಎರಡು ಸಲ ಕೂತವನೊಬ್ಬ ಅದನ್ನು ಸಿಬ್ಬಂದಿಯ ಓಟದ ಸ್ಪರ್ಧೆ ಅಂದುಕೊಂಡಿದ್ದ!

ಒಂದು ಎಚ್ಚರಿಕೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಪದದ್ದೇ ಅತಿ ಉದ್ದದ ನಮೂದು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದವೊಂದಕ್ಕೇ 645 ಅರ್ಥಗಳಾಗಿ ಅದನ್ನು ಹಿಂದೆ ಹಾಕಿತು ಅಂತ 2011ರಲ್ಲಿ ಸುದ್ದಿಯಾಗಿತ್ತು. ಇದನ್ನು ಒಂದು ಬ್ಯಾಚಿಗೆ ಮೊದಲ ದಿನವೇ ಹೇಳಿ ನೋಡಿದೆ. ಮರುದಿನ ನಾಲ್ಕು ಜನ ಕಡಿಮೆ. ಪರೀಕ್ಷೆಗೆ ಬೇಕಾದದ್ದು ಹದಿನೈದು ಇಪ್ಪತ್ತು, ಅಷ್ಟೇ.

ಮಾಕ್ ಟೆಸ್ಟಿನಲ್ಲಿ ವಾಕ್ಯದೊಳಗಿನ ಸಿನಾನಿಮ್ ಮೊದಲು ಹತ್ತಕ್ಕೆ ಮೂರೋ ನಾಲ್ಕೋ ಸರಿ ಬರುತ್ತಿತ್ತು, ಈಗ ಏಳರ ಸುತ್ತಮುತ್ತ. ಎರಡನೇ ವಾರ ದಾಟಿದರೆ ಹುಡುಗರೇ ಪೇಪರಿನಿಂದ ವಾಕ್ಯ ಕತ್ತರಿಸಿ ತರುತ್ತಾರೆ.

ಇದೇ ದಾರಿಯಲ್ಲಿ ‘ಬ್ರೇಕ್’ ಸುಲಭವಾಗಿ ಹೋಯಿತು. ‘ಗೆಟ್’ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ‘ರನ್’ಗೆ ಓಟ ಇದ್ದ ಹಾಗೆ ಅದಕ್ಕೆ ಆಧಾರವಾಗಿ ಹಿಡಿಯಲು ಚಿತ್ರವೇ ಸಿಗುವುದಿಲ್ಲ. ‘ರನ್ ಡೌನ್’ ಇನ್ನೊಂದು ತಲೆನೋವು: ಬ್ಯಾಟರಿ ಇಳಿಯುವುದು, ಒಬ್ಬರನ್ನು ಹೀಯಾಳಿಸುವುದು, ಗಾಡಿ ಗುದ್ದಿ ಕೆಡವುವುದು ಮೂರೂ ಅದೇ. ಅದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಿ, ಮೊದಲೇ ತೆಗೆದರೆ ಹುಡುಗರು ಮತ್ತೆ ನೋಟ್‌ಬುಕ್ಕಿನಲ್ಲಿ ಲಿಸ್ಟ್ ಬರೆಯಲು ಶುರು ಮಾಡುತ್ತಾರೆ.