ಹಳೇ ಮನೆಗೆ ಹೊಸ ಮರದ ಬಾಗಿಲು, ಕೊನೆಗೂ ಸರಿಯಾಗಿ ಕೂತಿದ್ದು ಹೀಗೆ

ಹಳೇ ಮುಂಬಾಗಿಲು ಕೆಳಗಡೆ ಪೂರ್ತಿ ಲಡ್ಡಾಗಿತ್ತು ಅಂತ ಹೊಸದು ಹಾಕೋಕೆ ನಾನೇ ಇಳಿದೆ, ಆದ್ರೆ ಎಷ್ಟ್ ಸಲ ಕೂರಿಸಿದ್ರೂ ಮೇಲಿನ ಮೂಲೆ ಚೌಕಟ್ಟಿಗೆ ತಾಗ್ತಾನೇ ಇತ್ತು. ಬಾಗಿಲನ್ನೇ ಕೀಸೋಕೆ ಹೊರಟಿದ್ದೆ, ಸದ್ಯ ನಿಲ್ಲಿಸಿದೆ. ಚೌಕಟ್ಟನ್ನ ಓರೆಯಾಗಿ ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆಯಿಂದ ಟೇಪ್ ಹಿಡಿದು ಅಳೆದ್ರೆ, ಸಮ ಇರಬೇಕಾದ ಎರಡು ಅಳತೆಗೂ 9 ಮಿಲಿಮೀಟರ್ ವ್ಯತ್ಯಾಸ! ಹಳೇ ಮನೆ ಅಲ್ವಾ, ಗೋಡೆ ಜೊತೆ ಚೌಕಟ್ಟೂ ವಾಲಿತ್ತು. ಹಳೇ ಮೊಳೆ ಕಿತ್ತು, ಹಿಂಜ್ ಕಡೆ ಕಂಬದ ಹಿಂದೆ ತೆಳು ಮರದ ಬೆಣೆ ಎರಡೆರಡು ಎದುರುಬದುರು ತೂರಿಸಿ, ರಸಮಟ್ಟ ನೋಡ್ಕೊಂಡು ಒಂದೊಂದೇ ಏಟು ಹಾಕ್ತಾ ನೆಟ್ಟಗೆ ಮಾಡಿ ಆಮೇಲೆ ಉದ್ದ ಸ್ಕ್ರೂ ಬಿಗಿದೆ. ಸುತ್ತ 3 ಮಿಲಿಮೀಟರ್ ಸಂದು ಬಿಟ್ಟೆ, ತೇವಕ್ಕೆ ಮರ ಉಬ್ಬುತ್ತಲ್ಲ.

ಇನ್ನೊಂದು, ಬಾಗಿಲಿನ ಮೇಲಿನ ಅಂಚು ಕೆಳಗಿನ ಅಂಚು ಎರಡಕ್ಕೂ ವಾರ್ನಿಷ್ ಬಳೀಲೇಬೇಕು, ಜಾಸ್ತಿ ನೀರು ಹೀರೋದೇ ಅಲ್ಲಿಂದ. ಈಗ ಒಂದ್ ಬೆರಳಲ್ಲಿ ತಳ್ಳಿದ್ರೆ ಸದ್ದಿಲ್ದೆ ಮುಚ್ಕೊಳುತ್ತೆ.