ಮೌಂಟ್ ವರ್ನನ್‌ಗೆ ಹೋದರೆ ಮಿಲ್ಲು ಬಿಟ್ಟು ಬರಬೇಡಿ

ಊರಿಂದ ಅಪ್ಪ ಅಮ್ಮ ಬಂದರೆ ವಾಷಿಂಗ್ಟನ್ ಡಿಸಿ ಸುತ್ತಮುತ್ತ ಇರುವ ನಾವೆಲ್ಲ ಮಾಡುವುದು ಒಂದೇ. ಶ್ವೇತಭವನದ ಬೇಲಿ ಮುಂದೆ ಒಂದು ಫೋಟೋ, ಲಿಂಕನ್ ಮೆಮೋರಿಯಲ್ ಮೆಟ್ಟಿಲ ಮೇಲೆ ಇನ್ನೊಂದು ಫೋಟೋ, ಆಮೇಲೆ ಒಂದು ದಿನ ಮೌಂಟ್ ವರ್ನನ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ಮನೆ. ಮನೆ ನೋಡಿ, ಹಿಂದಿನ ಪಡಸಾಲೆಯಲ್ಲಿ ಕೂತು ಪೊಟೋಮ್ಯಾಕ್ ನದಿ ನೋಡಿ, ಕಾರು ಹತ್ತಿ ವಾಪಸ್. ಅಲ್ಲಿಂದ ಮೂರು ಮೈಲಿಯೊಳಗೆ, ರಸ್ತೆ ಪಕ್ಕದಲ್ಲೇ, ಅದೇ ವಾಷಿಂಗ್ಟನ್‌ನ ಹಿಟ್ಟಿನ ಮಿಲ್ಲು ಇದೆ. ನೀರಿನಿಂದ ತಿರುಗುತ್ತದೆ. ಇವತ್ತಿಗೂ ಹಿಟ್ಟು ಮಾಡುತ್ತದೆ. ನಾನು ಈ ಕಡೆ ಬಂದು ಎಷ್ಟೋ ವರ್ಷ ಅದರ ಮುಂದೆಯೇ ಕಾರು ಓಡಿಸಿಕೊಂಡು ಹೋಗಿದ್ದೇನೆ, ಒಂದು ಸಲವೂ ನಿಲ್ಲಿಸಿರಲಿಲ್ಲ. ನಿಲ್ಲಿಸಿದ್ದು ಅಮ್ಮ ಬಂದಾಗ.

ಮೊದಲು ದಿನದ ವಿಷಯ. ಚಳಿಗಾಲದಲ್ಲಿ ಮಿಲ್ಲು ಮುಚ್ಚಿರುತ್ತದೆ. ಏಪ್ರಿಲ್ ಆದಮೇಲೆಯೂ ವಾರದ ಎಲ್ಲ ದಿನ ತೆರೆದಿರುವುದಿಲ್ಲ. ಮನೆ ಮಾತ್ರ ವರ್ಷವಿಡೀ ತೆರೆದಿರುವುದರಿಂದ, ಇದೂ ಹಾಗೇ ಇರಬಹುದು ಅಂದುಕೊಂಡು ನಾನು ಒಂದು ಮಂಗಳವಾರ ಎಲ್ಲರನ್ನೂ ಕರೆದುಕೊಂಡು ಹೋಗಿ, ಮುಚ್ಚಿದ ಗೇಟು ನೋಡಿ, ಕಾರಲ್ಲೇ ಚಿತ್ರಾನ್ನ ತಿಂದು ಬಂದೆ. ನೀವು ಮೌಂಟ್ ವರ್ನನ್ ವೆಬ್‌ಸೈಟಿನಲ್ಲಿ ದಿನ ನೋಡಿಕೊಂಡೇ ಹೊರಡಿ. ಮನೆಯ ಟಿಕೆಟ್ ಕೊಳ್ಳುವಾಗಲೇ ಮಿಲ್ಲಿಗೂ ಸೇರುತ್ತದಾ ಅಂತ ಕೇಳಿಬಿಡಿ. ಮಿಲ್ಲಿಗೆ ಒಂದು ಗಂಟೆಯನ್ನಾದರೂ ಬೇರೆಯಾಗಿ ಇಟ್ಟುಕೊಳ್ಳಿ. ಮನೆ ಸುತ್ತಿ ಸುಸ್ತಾಗಿ, ಮಕ್ಕಳು ರಚ್ಚೆ ಹಿಡಿದಮೇಲೆ ಹೋಗಬೇಡಿ. ಅದಕ್ಕಿಂತ ಬೆಳಗ್ಗೆ ಮಿಲ್ಲು, ಆಮೇಲೆ ಮನೆ ಒಳ್ಳೆಯದು. ಕಾರಿದ್ದರೆ ಸುಲಭ.

ಇನ್ನೊಂದು ಮಾತು. ಇದು ವಾಷಿಂಗ್ಟನ್ ಕಾಲದ ಕಟ್ಟಡ ಅಲ್ಲ. ಅವನು 1771ರಲ್ಲಿ ಕಟ್ಟಿ ಮುಗಿಸಿದ ಮಿಲ್ಲು 1850ರ ಹೊತ್ತಿಗೆ ಹಾಳಾಗಿ ನೆಲಸಮವಾಗಿತ್ತು. 1932 ಅವನು ಹುಟ್ಟಿ ಇನ್ನೂರು ವರ್ಷ ತುಂಬಿದ ವರ್ಷ. ಆಗ ವರ್ಜೀನಿಯಾ ಸರ್ಕಾರ ಈ ಜಾಗ ಕೊಂಡು, ಅಗೆಸಿ, ಹಳೇ ಪಾಯ ಹುಡುಕಿ, ಅದರ ಮೇಲೆ ಮತ್ತೆ ಕಟ್ಟಿಸಿತು. ಒಳಗಿನ ಮರದ ಯಂತ್ರಗಳನ್ನು ವರ್ಜೀನಿಯಾದ್ದೇ ಆದ ಫ್ರಂಟ್ ರಾಯಲ್ ಊರಿನ ಹತ್ತಿರದ ಇನ್ನೊಂದು ಹಳೇ ಮಿಲ್ಲಿನಿಂದ ಬಿಚ್ಚಿ ತಂದರು. ಆಮೇಲೆ ಅದೂ ಮೂಲೆಗೆ ಬಿತ್ತು. ಕೊನೆಗೆ ಮೌಂಟ್ ವರ್ನನ್ ನೋಡಿಕೊಳ್ಳುವ ಮಹಿಳಾ ಸಂಘದವರೇ ರಿಪೇರಿ ಮಾಡಿಸಿ 2002ರಲ್ಲಿ ತೆರೆದರು. 'ಹಾಗಾದರೆ ಡೂಪ್ಲಿಕೇಟ್ ಅಲ್ವಾ' ಅಂತ ನನ್ನ ಗೆಳೆಯನೊಬ್ಬ ಮೂಗು ಮುರಿದ. ಇರಲಿ ಬಿಡಿ. ನಿಜವಾದ ಮಿಲ್ಲು ಗಾಜಿನ ಹಿಂದೆ ಸುಮ್ನೆ ನಿಂತಿರುವುದಕ್ಕಿಂತ, ಮತ್ತೆ ಕಟ್ಟಿದ್ದು ನಿಮ್ಮ ಕಣ್ಣೆದುರು ಹಿಟ್ಟು ಸುರಿಸುವುದೇ ನನಗೆ ಜಾಸ್ತಿ ಇಷ್ಟ.

ಈಗ ನೋಡುವ ಕ್ರಮ. ಕಾರು ನಿಲ್ಲಿಸಿದ ತಕ್ಷಣ ಒಳಗೆ ನುಗ್ಗಬೇಡಿ. ಮೊದಲು ಹೊರಗೆ, ನೀರು ಬರುವ ಕಡೆ ಹೋಗಿ ನಿಲ್ಲಿ. ಡೋಗ್ ರನ್ ಅಂತ ಒಂದು ಹಳ್ಳ, ವಾಷಿಂಗ್ಟನ್ ಅದರ ನೀರನ್ನು ಕಾಲುವೆ ತೆಗೆಸಿ ಮಿಲ್ಲಿಗೆ ತಂದಿದ್ದ. ನಮ್ಮ ಕೆರೆ ತೂಬಿನ ಲೆಕ್ಕವೇ. ತೂಬು ಎತ್ತಿದರೆ ನೀರು ಚಕ್ರದ ಮೇಲೆ ಬೀಳುತ್ತದೆ, ಇಳಿಸಿದರೆ ಎಲ್ಲ ನಿಲ್ಲುತ್ತದೆ. ಸಿನಿಮಾಗಳಲ್ಲಿ ಕಾಣುವ ಹಾಗೆ ಚಕ್ರ ಗೋಡೆಯ ಆಚೆ ಇರುತ್ತದೆ ಅಂತ ಹುಡುಕಬೇಡಿ, ಇಲ್ಲಿ ಅದು ಕಟ್ಟಡದ ಒಳಗೇ ಇದೆ. ಹೊರಗಿದ್ದರೆ ವರ್ಜೀನಿಯಾ ಚಳಿಗೆ ಮಂಜುಗಡ್ಡೆ ಕಟ್ಟಿ ಕೆಲಸ ನಿಂತುಹೋಗುತ್ತಿತ್ತು.

ಒಳಗೆ ಹೋದಮೇಲೆ ಚಕ್ರದಿಂದ ಶುರು ಮಾಡಿ, ಒಂದೊಂದೇ ಹಲ್ಲಿನ ಚಕ್ರ ಹಿಡಿದುಕೊಂಡು ಕಣ್ಣಲ್ಲೇ ಮೇಲೆ ಹೋಗಿ. ನೀರಿನ ಚಕ್ರ ನಿಧಾನ, ದಪ್ಪ ಮರದ ದಿಂಡನ್ನು ತಿರುಗಿಸುತ್ತದೆ. ದಿಂಡಿನ ದೊಡ್ಡ ಹಲ್ಲಿನ ಚಕ್ರ ಚಿಕ್ಕದನ್ನು ತಿರುಗಿಸುತ್ತದೆ, ಚಿಕ್ಕದು ಜೋರಾಗಿ ತಿರುಗುತ್ತದೆ. ಹೀಗೆ ದೊಡ್ಡದರಿಂದ ಚಿಕ್ಕದಕ್ಕೆ ದಾಟಿ ದಾಟಿ ಕೊನೆಗೆ ಕಲ್ಲಿಗೆ ಬರುವಾಗ ಕೆಳಗಿನ ಚಕ್ರದ ಹತ್ತರಷ್ಟು ವೇಗ ಸಿಗುವಂತೆ ಇಂಥ ಮಿಲ್ಲುಗಳನ್ನು ಕಟ್ಟುತ್ತಿದ್ದರು. ಹಲ್ಲುಗಳು ಮರದವು ಯಾಕೆ ಅಂತ ಮಗ ಕೇಳಿದ. ಒಂದು ಮುರಿದರೆ ಅದೊಂದನ್ನೇ ಕಿತ್ತು ಹೊಸದು ಬಡಿದರಾಯಿತು. ಜೊತೆಗೆ ಹಿಟ್ಟಿನ ದೂಳಿಗೆ ಕಿಡಿ ತಗುಲಿದರೆ ಮಿಲ್ಲು ಸಿಡಿಯುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜದಷ್ಟೂ ಒಳ್ಳೆಯದು.

ಕಲ್ಲಿನ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ. ನಮ್ಮಮ್ಮ ತಿಪಟೂರು ಕಡೆಯವರು, ಮದುವೆಗೆ ಮುಂಚೆ ದಿನಾ ಬೆಳಗಿನ ಜಾವ ರಾಗಿಕಲ್ಲು ಬೀಸಿದವರು. ಗೈಡು ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ ನಾನು ಅನುವಾದ ಮಾಡಲು ಬಾಯಿ ತೆರೆದೆ. ಅಮ್ಮ ನನ್ನ ಕೈ ತಟ್ಟಿ 'ಸುಮ್ನಿರೋ, ಗೊತ್ತಾಯ್ತು. ಕೆಳಗಿನ ಕಲ್ಲು ಕದಲಲ್ಲ, ಮೇಲಿಂದು ಸುತ್ತುತ್ತೆ, ಬಾಯಿಗೆ ಕಾಳು ಬೀಳುತ್ತೆ, ಅಂಚಿಂದ ಹಿಟ್ಟು ಬರುತ್ತೆ. ಇದು ರಾಗಿಕಲ್ಲೇ ಕಣೋ, ಗೂಟ ಇಲ್ಲ ಅಷ್ಟೇ' ಅಂದರು. ಅಷ್ಟೇ ನಿಜ. ಗೂಟ ಹಿಡಿದು ಸುತ್ತುವ ಕೈಯ ಬದಲು ಕೆಳಗಿಂದ ಬಂದ ದಿಂಡು ಸುತ್ತಿಸುತ್ತದೆ.

ಅಮ್ಮನಿಗೂ ಹೊಸದಾಗಿದ್ದ ಸಂಗತಿಗಳು ಕೆಲವು ಇದ್ದವು, ಅವನ್ನು ನೀವೂ ಹುಡುಕಿ. ಗೋಧಿ ಬೀಸಲು ಫ್ರಾನ್ಸಿನ ಕಲ್ಲೇ ಬೇಕು ಅಂತ ಆಗಿನವರ ಹಟ. ಪ್ಯಾರಿಸ್ ಹತ್ತಿರದ ಮಾರ್ನ್ ಕಣಿವೆಯಲ್ಲಿ ಸಿಗುವ ಗಟ್ಟಿ ಬೆಣಚು ಕಲ್ಲಿನ ತುಂಡುಗಳನ್ನು ಗಾರೆಯಿಂದ ಜೋಡಿಸಿ, ಸುತ್ತ ಕಬ್ಬಿಣದ ಪಟ್ಟಿ ಬಿಗಿದು ಮಾಡಿದ್ದು. ಹತ್ತಿರ ಹೋದರೆ ಜೋಡಣೆಯ ಗೆರೆ ಕಾಣುತ್ತದೆ. ಕಲ್ಲಿನ ಮುಖದ ಮೇಲೆ ನಡುವಿನಿಂದ ಅಂಚಿಗೆ ಹೋಗುವ ಗೀರುಗಳಿರುತ್ತವೆ. ಕಾಳು ಕತ್ತರಿಯಲ್ಲಿ ಸಿಕ್ಕ ಹಾಗೆ ಅವುಗಳ ನಡುವೆ ತುಂಡಾಗುತ್ತದೆ, ಹಿಟ್ಟು ಅದೇ ದಾರಿಯಲ್ಲಿ ಹೊರಗೆ ಬರುತ್ತದೆ. ಗೀರು ಸವೆದರೆ ಕಲ್ಲೆತ್ತಿ ಮಗುಚಿ ಉಳಿಯಿಂದ ಮತ್ತೆ ಕುಟ್ಟಬೇಕು. ನಮ್ಮೂರಲ್ಲಿ 'ಕಲ್ಲು ಕುಟ್ಟಿಸ್ತೀರಾ' ಅಂತ ಬೀದಿಯಲ್ಲಿ ಕೂಗುತ್ತಾ ಬರುತ್ತಿದ್ದವರದೇ ಕೆಲಸ.

ಕಿವಿಯನ್ನೂ ಸ್ವಲ್ಪ ತೆರೆದಿಡಿ. ಟಕ ಟಕ ಟಕ ಅಂತ ಬಿಡದೆ ಒಂದು ಸದ್ದು ಬರುತ್ತಿರುತ್ತದೆ. ಕಾಳು ತುಂಬಿದ ಮರದ ಡಬ್ಬದ ಕೆಳಗಿರುವ ತಟ್ಟೆಯನ್ನು ಒಂದು ಕೋಲು ತಿರುಗುತ್ತಾ ಬಡಿಯುವ ಸದ್ದು ಅದು. ಬಡಿದಾಗೆಲ್ಲ ಸ್ವಲ್ಪ ಸ್ವಲ್ಪ ಕಾಳು ಕಲ್ಲಿಗೆ ಉದುರುತ್ತದೆ. ಕಲ್ಲು ಜೋರಾದರೆ ಬಡಿತವೂ ಜೋರು, ಕಾಳೂ ಜಾಸ್ತಿ, ಯಾರೂ ಕೈ ಹಾಕಬೇಕಾಗಿಲ್ಲ. ಆ ಕೋಲಿಗೆ ಅವರ ಭಾಷೆಯಲ್ಲಿ 'ಹುಡುಗಿ' ಅನ್ನುವ ಹೆಸರು, ಸದಾ ವಟಗುಟ್ಟುತ್ತಾಳಂತೆ! ಗಂಡಸರ ತಮಾಷೆ, ಬಿಡಿ. ಮಿಲ್ಲಿನವನು ಮಾತಾಡುತ್ತಲೇ ಆಗಾಗ ಬೀಳುವ ಹಿಟ್ಟಿಗೆ ಕೈ ಒಡ್ಡಿ, ಹೆಬ್ಬೆಟ್ಟು ಬೆರಳಿನ ನಡುವೆ ಉಜ್ಜಿ ನೋಡುತ್ತಾನೆ. ತರಿ ತರಿ ಇದೆಯಾ, ನುಣ್ಣಗಾಯಿತಾ, ಬಿಸಿಯಾಗುತ್ತಿದೆಯಾ ಅಂತ. ಬಿಸಿಯಾದರೆ ಹಿಟ್ಟು ಕೆಡುತ್ತದೆ, ಆಗ ಕಲ್ಲುಗಳ ನಡುವಿನ ಸಂದನ್ನು ಕೂದಲೆಳೆಯಷ್ಟು ಹೆಚ್ಚಿಸುತ್ತಾನೆ.

ಇನ್ನು ಈ ಮಿಲ್ಲಿನ ನಿಜವಾದ ಕರಾಮತ್ತು ಮೇಲ್ಗಡೆ. ಮೆಟ್ಟಿಲು ಹತ್ತಬೇಕು, ಮಂಡಿ ನೋವಿದ್ದವರು ಕಲ್ಲಿನ ಹತ್ತಿರವೇ ಇದ್ದರೂ ನಷ್ಟವಿಲ್ಲ. ಆಲಿವರ್ ಇವಾನ್ಸ್ ಅನ್ನುವವನು ಮಿಲ್ಲಿನೊಳಗೆ ಮೂಟೆ ಹೊರುವ ಕೆಲಸವನ್ನೇ ತೆಗೆದುಹಾಕಿದ. ಬೆಲ್ಟಿಗೆ ಕಟ್ಟಿದ ಪುಟ್ಟ ಪುಟ್ಟ ಡಬ್ಬಗಳು ಹಿಟ್ಟನ್ನು ಮೊಗೆದು ಮೇಲಿನ ಅಟ್ಟಕ್ಕೆ ಒಯ್ಯುತ್ತವೆ. ಅಲ್ಲಿ ಒಂದು ಕುಂಟೆಯಂಥದ್ದು ಸುತ್ತುತ್ತಾ ಹಿಟ್ಟನ್ನು ಹರಡಿ ಆರಿಸುತ್ತದೆ, ಮೊದಲು ಅದಕ್ಕೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳುತ್ತಿದ್ದರು. ಆರಿದ ಹಿಟ್ಟು ಕೆಳಗಿಳಿದು ರೇಷ್ಮೆ ಬಟ್ಟೆಯ ಉದ್ದ ಜರಡಿಗೆ ಬೀಳುತ್ತದೆ. ನುಣುಪು ಹಿಟ್ಟು ಒಂದು ಕಡೆ, ತರಿ ಒಂದು ಕಡೆ, ಬೂಸಾ ಇನ್ನೊಂದು ಕಡೆ. ಎಲ್ಲಕ್ಕೂ ಶಕ್ತಿ ಕೆಳಗಿನ ಅದೇ ಒಂದು ಚಕ್ರದ್ದು. ಇವಾನ್ಸ್‌ಗೆ 1790ರ ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಅಮೆರಿಕದ ಮೂರನೇ ಪೇಟೆಂಟ್. ಅದಕ್ಕೆ ಅಧ್ಯಕ್ಷನಾಗಿ ಸಹಿ ಹಾಕಿದ ವಾಷಿಂಗ್ಟನ್, ಮರುವರ್ಷ ತನ್ನ ಮಿಲ್ಲಿಗೇ ಅದನ್ನು ಹಾಕಿಸಿಕೊಂಡ. ಲೆಕ್ಕದ ಮನುಷ್ಯ. ಹೊಗೆಸೊಪ್ಪಿನಿಂದ ನೆಲ ಸೊರಗುತ್ತಿದೆ, ದುಡ್ಡೂ ಗಿಟ್ಟುತ್ತಿಲ್ಲ ಅಂತ ಗೋಧಿಗೆ ಬದಲಾಯಿಸಿದವನು, ಹಿಟ್ಟಿನ ಪೀಪಾಯಿಗಳ ಮೇಲೆ ತನ್ನ ಹೆಸರಿನ ಗುರುತು ಹಾಕಿಸಿ ವೆಸ್ಟ್ ಇಂಡೀಸ್‌ವರೆಗೆ ಮಾರಿದವನು.

ಪಕ್ಕದಲ್ಲೇ ವಿಸ್ಕಿ ಭಟ್ಟಿಯೂ ಇದೆ, ಇದನ್ನೂ ಮತ್ತೆ ಕಟ್ಟಿ 2007ರಲ್ಲಿ ತೆರೆದರು. 1799ರಲ್ಲಿ ಇಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ಇಳಿಸಿದರು. ಧಾನ್ಯ ಬೀಸುತ್ತಿದ್ದದ್ದು ಈ ಮಿಲ್ಲೇ. ಇಲ್ಲಿ ಗೈಡನ್ನು ಒಂದು ಪ್ರಶ್ನೆ ತಪ್ಪದೆ ಕೇಳಿ: ಕೆಲಸ ಮಾಡಿದವರು ಯಾರು? ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ತಿಮೋತಿ. ಭಟ್ಟಿಯಲ್ಲಿ ದುಡಿದ ಆರು ಜನ ಗುಲಾಮರು ಇವರು. ಆ ವರ್ಷ ಮೌಂಟ್ ವರ್ನನ್‌ನಲ್ಲಿ ಗುಲಾಮರಾಗಿದ್ದವರು ಒಟ್ಟು 317 ಮಂದಿ. ಮೂಟೆ ಹೊರುವ ಕೆಲಸ ಯಂತ್ರ ಉಳಿಸಿತು ಅಂತ ಈಗಷ್ಟೇ ಮೆಚ್ಚಿಕೊಂಡು ಇಳಿದಿರುತ್ತೀರಿ, ಆ ಮೂಟೆ ಯಾರ ಬೆನ್ನ ಮೇಲಿತ್ತು ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಹೊರಡುವಾಗ ಅಂಗಡಿಯಲ್ಲಿ ಮುಸುಕಿನ ಜೋಳದ ಹಿಟ್ಟು, ನುಚ್ಚು ಸಿಕ್ಕರೆ ತನ್ನಿ. ಸೂಪರ್‌ಮಾರ್ಕೆಟ್ ಹಿಟ್ಟಿನ ಹಾಗೆ ಕಪಾಟಿನಲ್ಲಿ ಇಟ್ಟು ಮರೆಯಬೇಡಿ, ಕಾಳಿನ ಮೊಳಕೆಯ ಎಣ್ಣೆಯೂ ಇದರಲ್ಲೇ ಇರುವುದರಿಂದ ಬೇಗ ಮುಗ್ಗಲು ಹಿಡಿಯುತ್ತದೆ, ಫ್ರಿಜ್ಜಿನಲ್ಲಿಡಿ. ಅಮ್ಮ ನುಚ್ಚಿನ ಉಪ್ಪಿಟ್ಟು ಮಾಡಿದರು. ಮೊದಲ ದಿನ ರವೆಯ ಲೆಕ್ಕದಲ್ಲಿ ಎರಡು ಲೋಟ ನೀರು ಹಾಕಿ, ಕಾಳು ಕಾಳಾಗಿ ಉಳಿದು, ಅಪ್ಪ ಮಾತಾಡದೆ ತಿಂದರು. ಮಾರನೇ ದಿನ ಒಂದಕ್ಕೆ ನಾಲ್ಕು ಲೋಟ ನೀರು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಒಗ್ಗರಣೆಗೆ ಶುಂಠಿ ಸ್ವಲ್ಪ ಜಾಸ್ತಿ, ಇಳಿಸುವಾಗ ನಿಂಬೆಹಣ್ಣು. ಅಪ್ಪ ಎರಡನೇ ಸಲ ಹಾಕಿಸಿಕೊಂಡರು.