ಪಿಕಪ್‌ನ ಬ್ರೇಕ್ ಕ್ಯಾಲಿಪರ್: ಚಕ್ರ ಬಿಚ್ಚಿ ನೀವೇ ನೋಡಿ

ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದು ಬಂದ ಲೋಡ್ ಗಾಡಿಯ ಚಕ್ರಗಳು ಬಿಸಿಯಾಗಿರುವುದು ಸಹಜ. ಆದರೆ ಮುಂದಿನ ಎರಡರಲ್ಲಿ ಒಂದೇ ಚಕ್ರ ವಿಪರೀತ ಕಾದಿದ್ದರೆ, ಸುಟ್ಟ ವಾಸನೆ ಬರುತ್ತಿದ್ದರೆ, ಅಲ್ಲಿ ಕ್ಯಾಲಿಪರ್ (ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ತಟ್ಟೆಯನ್ನು ಎರಡು ಪ್ಯಾಡ್‌ಗಳ ನಡುವೆ ಒತ್ತಿ ಹಿಡಿಯುವ ಬ್ರೇಕ್ ಭಾಗ) ಜಾಮ್ ಆಗಿರುವ ಸಾಧ್ಯತೆ ಜಾಸ್ತಿ. ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆ ಎಳೆಯುವುದು, ನ್ಯೂಟ್ರಲ್‌ನಲ್ಲಿ ಸಲೀಸಾಗಿ ಉರುಳದಿರುವುದು ಕೂಡ ಇದರ ಲಕ್ಷಣವೇ. ಇದನ್ನು ಪರೀಕ್ಷಿಸಲು ಗ್ಯಾರೇಜಿಗೇ ಹೋಗಬೇಕೆಂದಿಲ್ಲ. ಜಾಕ್, ಜಾಕ್ ಸ್ಟ್ಯಾಂಡ್, ವೀಲ್ ಪಾನಾ, ಸ್ಪ್ಯಾನರ್ ಸೆಟ್, ಟಾರ್ಕ್ ರೆಂಚ್, ಸಿ ಕ್ಲ್ಯಾಂಪ್, ಬ್ರೇಕ್ ಗ್ರೀಸ್ ಮತ್ತು ಒಂದು ಬಿಡುವಿನ ಬೆಳಿಗ್ಗೆ ಸಾಕು.

ಬೊಲೆರೊ ಪಿಕಪ್‌ನಂಥ ಗಾಡಿಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಾಗಾಗಿ ಕ್ಯಾಲಿಪರ್ ಇರುವುದು ಮುಂದೆ ಮಾತ್ರ. ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಪಿಸ್ಟನ್ನನ್ನು ತಳ್ಳುತ್ತದೆ. ಒಳಗಿನ ಪ್ಯಾಡ್ ಡಿಸ್ಕ್‌ಗೆ ಒತ್ತಿಕೊಳ್ಳುತ್ತದೆ. ಆಗ ಇಡೀ ಕ್ಯಾಲಿಪರ್ ತನ್ನ ಎರಡು ಸ್ಲೈಡ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಅಂದರೆ ಪಿಸ್ಟನ್ ಮತ್ತು ಪಿನ್, ಎರಡೂ ಸಲೀಸಾಗಿ ಆಡಬೇಕು. ನಾವು ನೋಡಬೇಕಾದ್ದು ಇದನ್ನೇ.

ಗಾಡಿ ಪೂರ್ತಿ ತಣ್ಣಗಾಗಿರಲಿ. ಬೇಗ ಆರಲಿ ಎಂದು ಕಾದ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗಬಹುದು. ಲೋಡ್ ಇಳಿಸಿ, ಗಟ್ಟಿಯಾದ ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಗೇರ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆಯಿರಿ, ಹಿಂದಿನ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಎತ್ತಿದ ಗಾಡಿ ಕೂರಬೇಕಾದ್ದು ಜಾಕ್ ಸ್ಟ್ಯಾಂಡ್ ಮೇಲೆ. ಬರೀ ಜಾಕ್ ನಂಬಿ, ಇಟ್ಟಿಗೆ ಪೇರಿಸಿ ಕೆಲಸಕ್ಕೆ ಇಳಿಯಲೇಬಾರದು. ಸ್ಟ್ಯಾಂಡ್ ಇಲ್ಲದಿದ್ದರೆ ಆ ದಿನ ಕೆಲಸ ಬೇಡ.

ಚಕ್ರ ಬಿಚ್ಚಿದ ತಕ್ಷಣ ಏನನ್ನೂ ಮುಟ್ಟಬೇಡಿ, ಮೊದಲು ನೋಡಿ. ಕ್ಯಾಲಿಪರ್ ಸುತ್ತ ಅಥವಾ ಟೈರಿನ ಒಳಬದಿಯಲ್ಲಿ ಒದ್ದೆಯಾಗಿದ್ದರೆ ಆಯಿಲ್ ಸೋರುತ್ತಿದೆ ಎಂದರ್ಥ. ಕ್ಯಾಲಿಪರ್‌ಗೆ ಬ್ರೇಕ್ ಆಯಿಲ್ ತರುವ ರಬ್ಬರ್ ಹೋಸ್ ಬಗ್ಗಿಸಿ, ಬಿರುಕು ಇದೆಯಾ ನೋಡಿ. ಕಪ್ಪು ಧೂಳನ್ನು ಊದಬೇಡಿ, ಗಾಳಿ ಹೊಡೆಯಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಡಿಸ್ಕನ್ನು ಕೈಯಲ್ಲಿ ತಿರುಗಿಸಿ. ಸ್ವಲ್ಪ ಸವರಿದ ಸದ್ದು ಪರವಾಗಿಲ್ಲ. ಜೋರು ಹಾಕಿದರೂ ತಿರುಗದಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಈಗ ಕೆಳಗಿನ ಪಿನ್ ಬೋಲ್ಟ್ ಬಿಚ್ಚಿ ಕ್ಯಾಲಿಪರನ್ನು ಮೇಲಕ್ಕೆ ಮಡಚಿ. ಕೆಲವು ಗಾಡಿಗಳಲ್ಲಿ ಎರಡೂ ಬೋಲ್ಟ್ ಬಿಚ್ಚಬೇಕಾಗುತ್ತದೆ. ಹಾಗಿದ್ದರೆ ಅದನ್ನು ತಂತಿಯಿಂದ ಸಸ್ಪೆನ್ಷನ್‌ಗೆ ಕಟ್ಟಿ, ಹೋಸ್‌ನಲ್ಲಿ ನೇತಾಡಲು ಬಿಡಬೇಡಿ. ಈ ಹೊತ್ತಿನಲ್ಲಿ ಯಾರೂ ಬ್ರೇಕ್ ಪೆಡಲ್ ತುಳಿಯಬಾರದು. ತುಳಿದರೆ ಪಿಸ್ಟನ್ ಹೊರಬೀಳಬಹುದು. ಮನೆಯವರಿಗೆಲ್ಲ ಮೊದಲೇ ಹೇಳಿಡಿ.

ಎರಡು ಪ್ಯಾಡ್‌ಗಳನ್ನೂ ಹೊರತೆಗೆದು ಅಕ್ಕಪಕ್ಕ ಇಡಿ. ಹೆಚ್ಚಿನವರು ಚಕ್ರದ ಸಂದಿಯಿಂದ ಇಣುಕಿ, ಹೊರಗಿನ ಪ್ಯಾಡ್ ದಪ್ಪ ಇದೆ ಎಂದು ನೆಮ್ಮದಿಯಾಗುತ್ತಾರೆ. ಒಳಗಿನದು ಸವೆದು ಕಬ್ಬಿಣ ಕಾಣುತ್ತಿದ್ದರೂ ಗೊತ್ತಾಗುವುದಿಲ್ಲ. ಒಳಗಿನ ಪ್ಯಾಡ್ ಮಾತ್ರ ಜಾಸ್ತಿ ಸವೆದಿದ್ದರೆ, ಒಂದೋ ಪಿನ್ ಜಾರುತ್ತಿಲ್ಲ, ಇಲ್ಲವೇ ಪಿಸ್ಟನ್ ಹಿಂದೆ ಸರಿಯುತ್ತಿಲ್ಲ. ಹೊರಗಿನದು ಜಾಸ್ತಿ ಸವೆದಿದ್ದರೆ ಬಹುತೇಕ ಪಿನ್‌ನದ್ದೇ ತಕರಾರು. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಇದ್ದರೂ ಮೊದಲು ಪಿನ್ ನೋಡಿ. ಎಡ ಚಕ್ರದ ಪ್ಯಾಡನ್ನು ಬಲದ್ದರ ಜೊತೆಗೂ ಹೋಲಿಸಿ. ಕಬ್ಬಿಣದ ತಟ್ಟೆ ಬಿಟ್ಟು, ಉಜ್ಜುವ ಭಾಗ 3 ಮಿ.ಮೀ. ಹತ್ತಿರ ಬಂದಿದ್ದರೆ ಎರಡೂ ಬದಿಯ ಪ್ಯಾಡ್ ಒಟ್ಟಿಗೇ ಬದಲಿಸಿ.

ಪಿನ್‌ಗಳನ್ನು ಕೈಯಿಂದಲೇ ಹಿಂದೆ ಮುಂದೆ ಆಡಿಸಿ. ತಡೆಯಿಲ್ಲದೆ ಜಾರಬೇಕು. ಮಳೆಗಾಲದ ಕೆಸರು, ಕರಾವಳಿಯ ಉಪ್ಪುಗಾಳಿ, ಪಿನ್ ಮುಚ್ಚುವ ರಬ್ಬರ್ ಹೊದಿಕೆಯಾದ ಬೂಟ್ ಹರಿದಿದ್ದರೆ, ಆ ಬೂಟ್‌ನಿಂದ ಒಳಹೊಕ್ಕು ಪಿನ್‌ಗೆ ತುಕ್ಕು ಹಿಡಿಸುತ್ತವೆ. ಪಿನ್ ಎಳೆದು ಹಳೆ ಗ್ರೀಸ್ ಒರೆಸಿ, ಬ್ರೇಕ್‌ಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ತೆಳುವಾಗಿ ಹಚ್ಚಿ. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸುತ್ತದೆ. ತುಕ್ಕು ತಿಂದು ಗುಳಿ ಬಿದ್ದ ಪಿನ್ ಮತ್ತು ಹರಿದ ಬೂಟ್ ಬದಲಿಸಿ. ಅದರ ಕಿಟ್ ಬಿಡಿಭಾಗದ ಅಂಗಡಿಯಲ್ಲಿ ಸಿಗುತ್ತದೆ.

ಪಿಸ್ಟನ್ ಪರೀಕ್ಷಿಸಲು ಹಳೆ ಪ್ಯಾಡ್ ಅಡ್ಡ ಇಟ್ಟು ಸಿ ಕ್ಲ್ಯಾಂಪ್‌ನಿಂದ ಮೆಲ್ಲಗೆ ಒಳಗೆ ತಳ್ಳಿ. ಎರಡು ಪಿಸ್ಟನ್ ಇದ್ದರೆ ಎರಡನ್ನೂ ಒಟ್ಟಿಗೆ ತಳ್ಳಬೇಕು. ಆಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತದೆ, ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ಏಳುತ್ತದೆ. ಕಣ್ಣಿಟ್ಟಿರಿ. ಸಮನಾಗಿ ಒಳಹೋದರೆ ಸರಿ. ಜಪ್ಪಯ್ಯ ಎಂದರೂ ಅಲುಗದಿದ್ದರೆ ಬ್ಲೀಡ್ ಸ್ಕ್ರೂಗೆ (ಕ್ಯಾಲಿಪರ್‌ನೊಳಗಿನ ಆಯಿಲ್, ಗಾಳಿ ಹೊರಬಿಡುವ ಸ್ಕ್ರೂ) ಪೈಪ್ ಸಿಕ್ಕಿಸಿ ಕೊಂಚ ಸಡಿಲಿಸಿ. ಆಯಿಲ್ ಚಿಮ್ಮಿ ಪಿಸ್ಟನ್ ಸಡಿಲವಾದರೆ ಹೋಸ್ ಒಳಗೇ ಕಟ್ಟಿಕೊಂಡಿರಬಹುದು. ಆಗಲೂ ಅಲುಗದಿದ್ದರೆ ಪಿಸ್ಟನ್ನೇ ಹಿಡಿದಿದೆ. ಇಲ್ಲಿಂದ ಮುಂದೆ ಮೆಕ್ಯಾನಿಕ್ ಕೆಲಸ. ಸ್ಕ್ರೂ ಬಿಚ್ಚಿದ ಮೇಲೆ, ಬ್ರೇಕ್ ಆಯಿಲ್‌ನೊಳಗೆ ಹೊಕ್ಕ ಏರ್ (ಗಾಳಿ) ತೆಗೆಸುವವರೆಗೂ ಗಾಡಿ ರಸ್ತೆಗಿಳಿಸಬಾರದು. ಅವರನ್ನೇ ಮನೆಗೆ ಕರೆಸಿ.

ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಅಚ್ಚೊತ್ತಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಬದಲಿಸಲೇಬೇಕು.

ಎಲ್ಲ ಸರಿಯಿದ್ದರೆ ಪ್ಯಾಡ್ ಜೋಡಿಸಿ, ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ (ಬಿಗಿಯ ಅಳತೆಗೆ) ಬೋಲ್ಟ್ ಬಿಗಿ ಮಾಡಿ, ಚಕ್ರ ಹಾಕಿ. ಇನ್ನೊಂದು ಬದಿಯನ್ನೂ ಹೀಗೇ ಮುಗಿಸಿ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು, ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ತುಳಿಯಿರಿ. ಮೊದಲ ಸಲ ಅದು ನೆಲಕ್ಕೇ ಹೋಗಬಹುದು, ಪಿಸ್ಟನ್ ಹಿಂದೆ ಸರಿದಿರುತ್ತದಲ್ವಾ. ಡಬ್ಬಿಯಲ್ಲಿ ಆಯಿಲ್ ಕಡಿಮೆಯಿದ್ದರೆ ಮುಚ್ಚಳದ ಮೇಲೆ ಬರೆದ ದರ್ಜೆಯದ್ದನ್ನೇ ಹಾಕಿ. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಎರಡು ಮೂರು ಸಲ ಬ್ರೇಕ್ ಹಾಕಿ ನೋಡಿ. 50ರಿಂದ 100 ಕಿ.ಮೀ. ಓಡಿದ ಮೇಲೆ ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.